ರೈಟ್ ರೈಟ್ ರಾಯರ ನೌಕಾಯಾನ

ಮದುವೆ ದಿಬ್ಬಣದ ಬಸ್ಸು ರಿವರ್ಸ್ ಬರುವಾಗ, ಯಾರೂ ಕೇಳದಿದ್ದರೂ ಹಿಂದೆ ನಿಂತು ಬಾಡಿ ತಟ್ಟುತ್ತ "ಬರ್ಲಿ, ಬರ್ಲಿ, ರೈಟ್" ಅನ್ನುವವರೊಬ್ಬರು ಎಲ್ಲರ ಬಂಧುಬಳಗದಲ್ಲೂ ಇರುತ್ತಾರೆ. ಅಂಥವರು ಸಿಡ್ನಿಯಲ್ಲಿ ಮನೆ ಮಾಡಿದರೆ, ರಜಕ್ಕೆ ಕ್ವೀನ್ಸ್‌ಲ್ಯಾಂಡಿನ ಏರ್ಲಿ ಬೀಚಿಗೆ ಹೋಗುತ್ತಾರೆ. ಅಲ್ಲಿಂದ ವಿಟ್‌ಸಂಡೇ ದ್ವೀಪಗಳಿಗೆ ಹಾಯಿದೋಣಿಗಳು ಹೊರಡುತ್ತವೆ. ದ್ವೀಪಗಳು 74, ರಾಯರ ತಕರಾರು ಒಂದೇ.

ದೋಣಿಯಲ್ಲಿ ಎರಡು ಬಗೆ. ಜೋಡಿ ಒಡಲಿನ ಅಗಲವಾದ ಕ್ಯಾಟಮರಾನ್ ಅಷ್ಟಾಗಿ ವಾಲುವುದಿಲ್ಲ. ಕಾಲು ಚಾಚಿ ಕೂತರೆ ತಟ್ಟೆ ಕೈಗೇ ಬರುತ್ತದೆ. ಒಂದು ಕಾಲಕ್ಕೆ ಪಂದ್ಯಗಳಲ್ಲಿ ಓಡಿ ಈಗ ಪ್ರವಾಸಿಗರನ್ನು ಹೊರುವ ಮ್ಯಾಕ್ಸಿ ಯಾಟ್‌ನಲ್ಲಿ ಮಲಗಲು ಇಕ್ಕಟ್ಟಿನ ಬಂಕು, ಗಾಳಿ ಸಿಕ್ಕರೆ ದೋಣಿಯೇ ಒಂದು ಮಗ್ಗುಲಿಗೆ. ಇಷ್ಟವಿದ್ದವರು ಹಾಯಿ ಎತ್ತಬಹುದು, ವಿಂಚ್ ತಿರುಗಿಸಬಹುದು. ಎರಡರಲ್ಲೂ ಸಿಬ್ಬಂದಿ ಇರುವುದರಿಂದ ನೀವು ಕಡ್ಡಿ ಎತ್ತಿಡದಿದ್ದರೂ ದೋಣಿ ಹೋಗುತ್ತದೆ. ರಾಯರು ಒಪ್ಪದಿರುವುದು ಈ ಮಾತನ್ನೇ.

"ಸುಮ್ನೆ ಕೂರೋಕೆ ಸಮುದ್ರಕ್ಕೆ ಯಾಕೆ ಹೋಗ್ಬೇಕು? ಮನೇಲಿ ಸೋಫಾ ಇಲ್ವಾ?"

"ಸೋಫಾದಲ್ಲಿ ಕೂರೋದು ನೀವು, ಕಾಫಿ ತರೋದು ನಾನು. ಅಲ್ಲಾದ್ರೂ ನನಗೆ ಯಾರಾದ್ರೂ ತಂದುಕೊಡ್ಲಿ," ಅನ್ನುತ್ತಾರೆ ಹೆಂಡತಿ.

ಚರ್ಚೆಯಾಗಿ ಮ್ಯಾಕ್ಸಿಯೇ ಬುಕ್ ಆಗುತ್ತದೆ.

ಆಗಸ್ಟ್ ತಿಂಗಳು, ಆಗ್ನೇಯದ ಗಾಳಿ ಜೋರು. ರಾಯರು ಬೆರಳುತುದಿ ಇಲ್ಲದ ಗ್ಲೌಸು ತೊಟ್ಟು ಬಂದಿರುತ್ತಾರೆ. ಮಗಳ ವಯಸ್ಸಿನ ಸ್ಕಿಪ್ಪರ್‌ಗೆ ಮೊದಲ ಪ್ರಶ್ನೆ: "ಈ ರೂಟು ನಿಂಗೆ ಅಭ್ಯಾಸ ಇದೆಯೇನಮ್ಮ?" ಇಂಗ್ಲಿಷಿನಲ್ಲೇ ಕೇಳಿದರೂ "ಏನಮ್ಮ" ಅನ್ನುವುದು ಮಾತ್ರ ಕನ್ನಡದಲ್ಲೇ ಉಳಿಯುತ್ತದೆ.

ವಿಂಚ್ ಅಂದರೆ ಹಾಯಿಯ ಹಗ್ಗ ಬಿಗಿಯುವ ಡ್ರಮ್ಮು. ಗಡಿಯಾರದ ಮುಳ್ಳು ತಿರುಗುವ ಕಡೆಗೇ ಹಗ್ಗವನ್ನು ಮೂರು ಸುತ್ತು ಸುತ್ತಿ, ಮೇಲೆ ಹಿಡಿಕೆ ಸಿಕ್ಕಿಸಿ ತಿರುಗಿಸಬೇಕು. ಇನ್ನೊಬ್ಬರು ಹಗ್ಗದ ತುದಿ ಜಗ್ಗಿ ಹಿಡಿದಿರಬೇಕು. ಬೆರಳು ಡ್ರಮ್ಮಿನ ಹತ್ತಿರ ಹೋಗಕೂಡದು. ರಾಯರು ಫೋಟೋ ಮುಗಿಯುವವರೆಗೆ ತಿರುಗಿಸುತ್ತಾರೆ. ಆಮೇಲೆ ಏದುಸಿರು ಬಿಡುತ್ತ, "ನೀನೂ ಕಲಿತ್ಕೋ, ಒಳ್ಳೇ ಎಕ್ಸರ್‌ಸೈಜು," ಎಂದು ಹಿಡಿಕೆಯನ್ನು ಹೆಂಡತಿಗೆ ದಾಟಿಸಿ, ತಾವು ಮೇಲ್ವಿಚಾರಣೆಗೆ ನಿಲ್ಲುತ್ತಾರೆ.

ದೋಣಿ ಗಾಳಿಗೆ ಮೂತಿ ತಿರುಗಿಸಿ ಮಗ್ಗುಲು ಬದಲಿಸುವ ಹೊತ್ತಿಗೆ ಸ್ಕಿಪ್ಪರ್ ಕೂಗಿದ ಕೂಡಲೇ ಎಲ್ಲರೂ ಆಚೆ ಬದಿಗೆ ಹೋಗಿ ಕೂರುತ್ತಾರೆ. ನಡುವೆ ನಿಂತು "ಬರ್ಲಿ, ಬರ್ಲಿ" ಅನ್ನುವವರು ರಾಯರೊಬ್ಬರೇ. ನಿಜಕ್ಕೂ ಬರುತ್ತದೆ, ಹಾಯಿಯ ಬುಡದ ದಪ್ಪ ತೊಲೆ. ಹೆಂಡತಿ ತಲೆ ಹಿಡಿದು ಬಗ್ಗಿಸದಿದ್ದರೆ ರಾಯರು "ರೈಟ್" ಅನ್ನಲು ಉಳಿಯುತ್ತಿರಲಿಲ್ಲ.

ದಡ ಸೇರಿದ ಮೇಲೆ ಅಭಿಪ್ರಾಯ ಕೇಳಿದರೆ, "ಹುಡುಗಿ ಚುರುಕು, ಇನ್ನೂ ಸ್ವಲ್ಪ ಅನುಭವ ಬೇಕು," ಎನ್ನುತ್ತಾರೆ.

ಮುಂದಿನ ವರ್ಷ ಹೆಂಡತಿಯೇ ಕ್ಯಾಟಮರಾನ್ ಬುಕ್ ಮಾಡುತ್ತಾರೆ. ಹಗ್ಗವೆಲ್ಲ ಸಿಬ್ಬಂದಿಯ ಕೈಯಲ್ಲಿ. ಎರಡು ಒಡಲಿನ ನಡುವೆ, ಮುಂದುಗಡೆ ಬಿಗಿದ ಬಲೆಯ ಮೇಲೆ ಆಕೆ ಅಂಗಾತ ಮಲಗುತ್ತಾರೆ. ಕೈ ಖಾಲಿಯಾದ ರಾಯರು ಚಡಪಡಿಸಿ, ಡೆಕ್ಕೆಲ್ಲ ಸುತ್ತಿ, ಕೊನೆಗೆ ಅಡುಗೆಕೋಣೆಗೆ ನುಗ್ಗುತ್ತಾರೆ. ಸ್ವಲ್ಪ ಹೊತ್ತಿಗೆ ಹೆಂಡತಿಗೆ ಬಿಸಿ ಕಾಫಿ ಬರುತ್ತದೆ. ತಂದವರು ರಾಯರೇ:

"ಆ ಹುಡುಗನಿಗೆ ಡಿಕಾಕ್ಷನ್ ಹದ ಗೊತ್ತಿಲ್ಲ ಕಣೇ, ನಾನೇ ಮಾಡ್ದೆ."