ಪ್ಲಾಟ್ ಧಣಿಯ ಸುವರ್ಣಯುಗ

ಕಲ್ಮಲ ಕ್ರಾಸಿನ ಚಹಾದಂಗಡಿ ಬೆಂಚಿನ ಮೇಲೆ ಬಿಳಿ ಅಂಗಿ, ಬಿಳಿ ಪ್ಯಾಂಟು, ಎರಡು ಮೊಬೈಲು ಒಟ್ಟಿಗೆ ಕಂಡರೆ ಅದು ಪ್ಲಾಟ್ ಧಣಿ ಎಂದು ತಿಳಿಯಿರಿ. ಮಾನ್ವಿ, ದೇವದುರ್ಗದ ಬಸ್ಸು ನಿಲ್ಲುವಲ್ಲೆಲ್ಲ ಈಗ ಇಂಥವನೊಬ್ಬ ಇದ್ದೇ ಇರುತ್ತಾನೆ. ವಯಸ್ಸು ನಲವತ್ತು ದಾಟಿಲ್ಲ, ಮಾತು ಮಾತ್ರ ಐನೂರು ವರ್ಷದ್ದು.

ಮುಂಜಾನೆ ಅವನೆದುರು ಹತ್ತಿ ಬೆಳೆದು ಸಾಲ ಹೊತ್ತ ರೈತ ಕೂತಿರುತ್ತಾನೆ.

"ಕಾಲ ಅಂದ್ರ ಕೃಷ್ಣದೇವರಾಯರ ಕಾಲಪ್ಪ. 1520ರಾಗ ರಾಯಚೂರು ಗೆದ್ರು. ಹಂಪ್ಯಾಗ ಮುತ್ತು ರತ್ನ ಬಳ್ಳಲೆ ಅಳೀತಿದ್ರು. ಈಗೇನೈತಿ? ಗೊಬ್ಬರದ ರೇಟ್ ಕೇಳಿದ್ರ ಎದಿ ಒಡೀತೈತಿ. ಮಳಿ ನಂಬಂಗಿಲ್ಲ, ಹತ್ತಿ ರೇಟ್ ನಂಬಂಗಿಲ್ಲ. ಕೊಟ್ಟು ಕೈ ತೊಳ್ಕೋ."

ರೈತ ನಿಟ್ಟುಸಿರು ಬಿಟ್ಟು ಮೇಲೇಳುವಷ್ಟರಲ್ಲಿ ಎಕರೆಯ ದರ ಇಳಿದಿರುತ್ತದೆ.

ಸಂಜೆ ಬೆಂಚು ಅದೇ, ಗಿರಾಕಿ ಬೇರೆ. ರಾಯಚೂರಿನಿಂದ ಪ್ಲಾಟು ನೋಡಲು ಬಂದ ನೌಕರಸ್ಥ ದಂಪತಿ.

"ರಾಯರ ಕಾಲ ಏನು ಮಹಾ ಬಿಡ್ರಿ ಸರ! ಅವರಿಗೆ ಕರೆಂಟ್ ಇತ್ತೇನು? ನಮಗ ಶಕ್ತಿನಗರ ಐತಿ. 1985ರಿಂದ ರಾಜ್ಯಕ್ಕೆಲ್ಲ ಬೆಳಕು ಕೊಡಾಕತ್ತೀವಿ. ಹಟ್ಟಿ ಬಂಗಾರ ನಮ್ದಾ. ಯರಮರಸಿನಾಗ ಇಮಾನ ಇಳೀತೈತಿ. ಈ ಜಾಗಾ ನಾಳೆ ಬೆಂಗಳೂರು!"

"ಎನ್‌ಎ ಆಗೈತಾ?"

"ಆಗ್ತೈತಿ ಸರ."

ಧಣಿಯ ವ್ಯಾಕರಣದಲ್ಲಿ ಭೂತಕಾಲ ಮಾರುವವನಿಗೆ, ಭವಿಷ್ಯತ್ಕಾಲ ಕೊಳ್ಳುವವನಿಗೆ. ವರ್ತಮಾನ ಪೂರ್ತಿ ಕಮಿಷನ್ನಿಗೆ.

ಇತಿಹಾಸವನ್ನು ಅವನು ಹಂಪಿಯ ಗೈಡ್ ಒಬ್ಬರಿಂದ ಅರ್ಧ ದಿನದಲ್ಲಿ ಕಲಿತದ್ದು. ವಿಜಯನಗರ ರೋಮಿನಷ್ಟು ದೊಡ್ಡದು ಎಂದು ಬರೆದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇವನ ಬಾಯಲ್ಲಿ 'ಪಾಯಸ ಸಾಹೇಬ್ರು'. ಅದೇ ನಾಡಿನ ಇನ್ನೊಬ್ಬ, ನಮ್ಮ ರಾಯಚೂರಿನ ಮುತ್ತಿಗೆಯನ್ನೇ ಪುಟಗಟ್ಟಲೆ ಬರೆದಿಟ್ಟ ಫೆರ್ನಾವೊ ನುನಿಜ್, ಇವನಿಗೆ ಗೊತ್ತಿಲ್ಲ. ಗೈಡು ಹೇಳಿರಲಿಕ್ಕಿಲ್ಲ, ಹೇಳಿದರೆ ಟೂರು ಕೆಡುತ್ತದೆ. ರೈತರು ಬೆಳೆದ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಒಡೆಯರಿಗೇ ಹೋಗುತ್ತಿತ್ತು ಎಂದು ಬರೆದವನು ಆತ. ಮುತ್ತು ಅಳೆಯುವ ಬಳ್ಳ ಎಲ್ಲಿಂದ ಬಂತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ರಸೀದಿ ಸಿಗಲಾರದು.

ನಿವೃತ್ತ ಮೇಷ್ಟ್ರೊಬ್ಬರು ಒಂದು ಸಂಜೆ ಇದನ್ನು ಧಣಿಯ ಕಿವಿಗೆ ಹಾಕಿದರು. ಗಿರಾಕಿಯ ಎದುರಿಗೇ. ಧಣಿ ಗಲಿಬಿಲಿಗೊಳ್ಳಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದ.

"ಹತ್ತರಾಗ ಒಂಬತ್ತಾ? ಅಂದ್ರ ನೂರಕ್ಕ ತೊಂಬತ್ತು! ನಾವು ತಗೊಳ್ಳೋದು ಎರಡಾ ಪರ್ಸೆಂಟ್ ರೀ ಮೇಷ್ಟ್ರ. ನೀವಾ ಹೇಳ್ರಿ, ಯಾವ ಕಾಲ ಚಲೋ?"

ಮೇಷ್ಟ್ರು ಚಹಾ ಕುಡಿದು ಎದ್ದರು. ಬಿಲ್ಲು ಧಣಿಯೇ ಕೊಟ್ಟ. ಆ ವಿಷಯದಲ್ಲಿ ಅವನದು ರಾಯರ ಕೈಯೇ.

ಆ ಕಡೆ ಪ್ಲಾಟು ಕೊಳ್ಳುವ ಮನಸ್ಸಿದ್ದವರಿಗೆ ಒಂದು ಮಾತು: ಮುಂಜಾನೆ ಹೋಗಿ, ಪಕ್ಕದ ಹೊಲ ಮಾರಬೇಕಾಗಿದೆ ಎಂದು ಹೇಳಿ. ಆ ಜಾಗದ ನಿಜವಾದ ರೇಟು ಅವನ ಬಾಯಿಂದಲೇ ಬರುತ್ತದೆ.