ಅಕ್ಷಾಂಶ ರಾಯರು

ಅಕ್ಷಾಂಶ ರಾಯರಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇದೆ. ಚಾರಣದ ಗುಂಪಿನಲ್ಲಿ ಅದು ಯಾರಿಗೂ ನೆನಪಿಲ್ಲ. ಮಳೆಗಾಲದ ಆಗುಂಬೆಯಲ್ಲಿ ಸೊಂಟಕ್ಕೊಂದು ಜಿಪಿಎಸ್, ಕ್ಯಾಮೆರಾ ನೆತ್ತಿಗೊಂದು, ಮಣಿಕಟ್ಟಿಗೊಂದು ಧರಿಸಿದ ನಿವೃತ್ತರು ಎದುರಾದರೆ ಅವರೇ ಎಂದು ತಿಳಿಯಿರಿ. ಇಂಥವರು ಈಗ ಗುಂಪಿಗೊಬ್ಬರಿದ್ದಾರೆ.

“ಇದು ಯಾವ ಕಪ್ಪೆ ಸಾರ್?” ಎಂದರೆ, “ಅದು ಗೊತ್ತಿಲ್ಲಪ್ಪ, ಎಲ್ಲಿತ್ತು ಕೇಳು” ಎಂದು ಅಕ್ಷಾಂಶ, ರೇಖಾಂಶಗಳನ್ನು ಆರು ದಶಮಾಂಶದವರೆಗೆ ಒಪ್ಪಿಸುತ್ತಾರೆ. ಆರನೆಯ ಸ್ಥಾನವೆಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ದಟ್ಟ ಮರಗಳಡಿ ಯಂತ್ರ ಹತ್ತು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ರಾಯರು ಮಾತ್ರ ಕಪ್ಪೆಯ ಎಡಗಾಲಿಗೊಂದು, ಬಲಗಾಲಿಗೊಂದು ವಿಳಾಸ ಕೊಡಬಲ್ಲರು.

ಅವರ ಜಿಪಿಎಸ್‌ಗಳಲ್ಲಿ ಮೊದಲು ಬಂದದ್ದು ಕ್ಯಾಮೆರಾ ನೆತ್ತಿಗೆ ಸಿಕ್ಕಿಸುವಂಥದ್ದು. ಅದು ಕ್ಯಾಮೆರಾದ ಬ್ಯಾಟರಿಯನ್ನೇ ಹೀರುತ್ತದೆಂದು ಎರಡು ಪೆನ್ಸಿಲ್ ಸೆಲ್ಲಿನ ಗಾರ್ಮಿನ್ ಇಟ್ರೆಕ್ಸ್ ಬಂತು. (ಸೆಲ್ಲು ಗೂಡಂಗಡಿಯಲ್ಲೂ ಸಿಗುತ್ತದೆ, ರಾಯರ ಖರೀದಿಗಳಲ್ಲಿ ನಾನು ಮೆಚ್ಚಿದ್ದು ಇದೊಂದನ್ನೇ.) ಆಮೇಲೆ ಅಮೆರಿಕ, ರಷ್ಯ, ಯುರೋಪುಗಳ ಉಪಗ್ರಹಗಳನ್ನೆಲ್ಲ ಹಿಡಿಯುವ ಕೈಗಡಿಯಾರ. ಈಗ ನಮ್ಮ ಇಸ್ರೋದ ನಾವಿಕ್ ಹಿಡಿಯುವುದೂ ಒಂದಿರಲಿ ಎಂದು ಹುಡುಕಾಟ. ದೇಶಾಭಿಮಾನ!

“ನಾಲ್ಕು ಉಪಗ್ರಹ ಸಿಗೋವರೆಗೂ ಯಾರೂ ಅಲ್ಲಾಡಬೇಡಿ!” ನಾಲ್ಕು ಸಿಕ್ಕದೆ ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ಸರಿಯಾಗಿ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಅಷ್ಟರಲ್ಲಿ ನಮ್ಮ ಕಾಲಿಗೆ ಹತ್ತಿದ ಉಂಬಳಗಳು ನಾಲ್ಕನ್ನು ಯಾವಾಗಲೋ ದಾಟಿರುತ್ತವೆ. ಕಪ್ಪೆಯೂ ಬೇಸತ್ತು ನೀರಿಗೆ ಹಾರಿರುತ್ತದೆ.

“ತರಕಾರಿಗೆ ಹೋದ್ರೂ ಟ್ರ್ಯಾಕ್ ಹಾಕ್ಕೊಂಡೇ ಹೋಗ್ತಾರೆ. ಕೊತ್ತಂಬರಿ ಮಾತ್ರ ಮರೆತು ಬರ್ತಾರೆ,” ಎನ್ನುತ್ತಾರೆ ಅವರ ಮನೆಯವರು.

ಇಷ್ಟೆಲ್ಲ ಕೊಂಡರೂ, ಇಟ್ರೆಕ್ಸ್ ನಂಬಿದರೆ ಚಿತ್ರದ ಜಾಗ ಕೊನೆಗೆ ನಿಲ್ಲುವುದು ಗಡಿಯಾರಗಳ ತಾಳೆಯ ಮೇಲೆ. ನಡೆದ ದಾರಿಯನ್ನು ಇಟ್ರೆಕ್ಸ್ ಗ್ರೀನಿಚ್ ಕಾಲದಲ್ಲಿ ಬರೆದಿಡುತ್ತದೆ. ಚಿತ್ರದಲ್ಲಿ ಕ್ಯಾಮೆರಾದ ಸಮಯವಿರುತ್ತದೆ. ಕಂಪ್ಯೂಟರು ಎರಡನ್ನೂ ತಾಳೆ ನೋಡಿ ಚಿತ್ರಕ್ಕೆ ಜಾಗ ಬರೆಯುತ್ತದೆ. ನಮ್ಮದು ಐದೂವರೆ ಗಂಟೆ ಮುಂದೆ ಎಂದು ಅದಕ್ಕೆ ತಿಳಿಸಲು ರಾಯರು ಒಮ್ಮೆ ಮರೆತರು. ಬೆಳಿಗ್ಗೆ ಹತ್ತಕ್ಕೆ ಆಗುಂಬೆಯ ಹಳ್ಳದಲ್ಲಿದ್ದ ಕಪ್ಪೆ, ಮೂರೂವರೆಗೆ ನಾವು ಕಾಫಿ ಕುಡಿದ ತೀರ್ಥಹಳ್ಳಿಯ ಹೋಟೆಲಿನಲ್ಲಿ, ನಕ್ಷೆಯ ಮೇಲೆ, ಬಂದು ಕೂತಿತು. “ಈ ಮಾಡೆಲ್ಲೇ ಸರಿಯಿಲ್ಲ ಕಣಯ್ಯ,” ಎಂದರು ರಾಯರು. ಹೊಸದಕ್ಕೆ ಆರ್ಡರ್ ಹೋಗಿದೆ.

ನಿಮ್ಮ ಗುಂಪಿನಲ್ಲೂ ಒಬ್ಬ ರಾಯರಿದ್ದರೆ ಒಂದು ಉಪಕಾರ ಮಾಡಿ. ಹೊರಡುವಾಗ ಅವರದೇ ಕ್ಯಾಮೆರಾದಲ್ಲಿ, ಜಿಪಿಎಸ್ ತೆರೆಯ ಮೇಲೆ ಓಡುವ ಗಂಟೆ, ನಿಮಿಷ, ಸೆಕೆಂಡಿನ ಫೋಟೋ ಒಂದು ತೆಗೆದಿಡಿ. ಕ್ಯಾಮೆರಾ ಎಷ್ಟು ಹಿಂದೆ, ಎಷ್ಟು ಮುಂದೆ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ. ಖರ್ಚು ಒಂದು ಕಾಸೂ ಇಲ್ಲ.