ಕಂತು ಮುಗಿಯದ ಕಾರು

ಸಾಲದ ಕಾರಿಗೆ ಇಬ್ಬರು ಯಜಮಾನರು. ಒಬ್ಬ ಅದನ್ನು ತೊಳೆದು ಒರೆಸುತ್ತಾನೆ, ಆಯುಧಪೂಜೆಯ ದಿನ ಬೂದುಗುಂಬಳ ಒಡೆದು ಚಕ್ರದಡಿ ನಿಂಬೆಹಣ್ಣು ಇಡುತ್ತಾನೆ. ಇನ್ನೊಬ್ಬ ಕಾರನ್ನು ಕಣ್ಣಿಂದ ನೋಡಿಯೂ ಇರುವುದಿಲ್ಲ; ಅವನ ಹೆಸರು ಆರ್‌ಸಿ ಕಾರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನಂತೆ, ಈ ಎರಡನೆಯವನು, ಅಂದರೆ ಸಾಲ ಕೊಟ್ಟ ಬ್ಯಾಂಕು, ಲಿಖಿತವಾಗಿ ಒಪ್ಪದೆ ಕಾರು ಮತ್ತೊಬ್ಬರ ಹೆಸರಿಗೆ ಹೋಗುವಂತಿಲ್ಲ. ಕಾಗದದ ಮೇಲೆ ಇದು ಹೈಪಾಥಿಕೇಶನ್; ಆಡುಮಾತಿನಲ್ಲಿ ‘ಎಚ್‌ಪಿ ಐತೆ’ ಎಂದಷ್ಟೇ ಹೇಳುತ್ತಾರೆ. ಒಡವೆ ಅಡ ಇಟ್ಟರೆ ಕೊರಳು ಬರಿದಾಗಿ ಊರಿಗೆಲ್ಲ ಗೊತ್ತಾಗುತ್ತದೆ. ಎಚ್‌ಪಿಯ ಸೊಗಸೇ ಬೇರೆ. ಅಡ ಬಿದ್ದ ವಸ್ತುವೇ ಮನೆಮುಂದೆ ನಿಂತು ಮಿಂಚುತ್ತಿರುತ್ತದೆ, ಅದರ ಹಿಂಗಾಜಿನ ಮೇಲೆ ‘ಅಪ್ಪ ಅಮ್ಮನ ಆಶೀರ್ವಾದ’ ಎಂದು ಬರೆದಿರುತ್ತದೆ. ಬ್ಯಾಂಕಿನ ಆಶೀರ್ವಾದವನ್ನು ಗಾಜಿನ ಮೇಲೆ ಬರೆಸಿದವರು ಈವರೆಗೆ ಕಂಡಿಲ್ಲ.

ಕಂತು ಮುಗಿಯುವ ಮೊದಲೇ ಇಂಥ ಕಾರನ್ನು ಕೊಟ್ಟು ಬೇರೊಂದನ್ನು ತರುವ ಬಯಕೆಗೆ ರಾಮನಗರ ಸೀಮೆಯಲ್ಲಿ ಕಾರಣಗಳು ಬೇಕಾದಷ್ಟಿವೆ. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇರುವುದು ಬಿಡದಿಯಲ್ಲಿ. ತಟ್ಟೆ ಇಡ್ಲಿ ತಿನ್ನುತ್ತ ಕುಳಿತವನ ಕಣ್ಣೆದುರೇ ಇನ್ನೊವಾಗಳು ಹುಟ್ಟಿ ಹೊರಡುತ್ತವೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ರಾಮನಗರ, ಚನ್ನಪಟ್ಟಣದ ಬೈಕಿನವರು ಸರ್ವಿಸ್ ರಸ್ತೆಗಿಳಿದರು. ಇಳಿದ ಮೇಲೆ ಸಣ್ಣ ಕಾರು ಕೊಂಡರು. ಸಣ್ಣ ಕಾರಿನಲ್ಲಿ ಮುಖ್ಯ ಪಥ ಹತ್ತಿದ ಮೇಲೆ ದೊಡ್ಡ ಕಾರುಗಳು ಬರ್ರನೆ ದಾಟಿ ಹೋಗುವುದನ್ನು ಕಂಡರು. ಕನಕಪುರ, ಮಾಗಡಿಗೆ ಈ ರಸ್ತೆ ಸೋಕುವುದಿಲ್ಲ. ಅಲ್ಲಿ ಕಾರು ಬದಲಿಸುವುದಕ್ಕೆ ನೆಂಟರೇ ಸಾಕು.

ಹಳೆಯ ಕಾರನ್ನು ಶೋರೂಮಿಗೆ ಕೊಟ್ಟು ಹೊಸದನ್ನು ತರುವುದೇ ಎಕ್ಸ್‌ಚೇಂಜ್. ಮೊದಲು ಕಾರನ್ನು ನೋಡಲು ಶೋರೂಮಿನವರು ಒಬ್ಬನನ್ನು ಕರೆಸುತ್ತಾರೆ. ಅವನು ದನದ ಜಾತ್ರೆಯ ದಲ್ಲಾಳಿಯ ನೇರ ವಾರಸುದಾರ. ಹಲ್ಲು ಎಣಿಸುವ ಬದಲು ಟೈರಿನ ಗೆರೆ ನೋಡುತ್ತಾನೆ, ಸುಳಿ ಹುಡುಕುವ ಬದಲು ಬಾಗಿಲಿನ ರಬ್ಬರು ಎತ್ತಿ ಬಣ್ಣ ಹುಡುಕುತ್ತಾನೆ. ದಲ್ಲಾಳಿ ಟವೆಲಿನ ಅಡಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಇವನು ಮೊಬೈಲಿನಲ್ಲಿ ಅಂಕಿ ಒತ್ತಿ, ಪರದೆಯನ್ನು ತನ್ನ ಎದೆಗೆ ಆನಿಸಿಕೊಳ್ಳುತ್ತಾನೆ. ‘ಅಪ್ಪ ಅಮ್ಮನ ಆಶೀರ್ವಾದ’ ಕೆರೆದರೆ ಅಂಟು ಉಳಿಯುತ್ತದೆಂದು ಅದಕ್ಕೂ ಒಂದಿಷ್ಟು ಕಳೆಯುತ್ತಾನೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ: “ಲೋನ್ ಐತಾ ಅಣ್ಣ?”

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈ ಪ್ರಶ್ನೆ ಇಲ್ಲ. ಲಾಟಿಗೆ ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ; ಆದರೆ ಚಿಟ್ಟೆ ಗೂಡು ಕೊರೆದು ಹೊರಬರುವುದರೊಳಗೆ ಮಾರಲೇಬೇಕು. ಸಾಲದ ಕಾರಿನವನಿಗೂ ಬೇಡವೆನ್ನುವ ಹಕ್ಕುಂಟು. ಅವನ ಗೂಡನ್ನು ಕೊರೆಯುವ ಚಿಟ್ಟೆ ಸವಕಳಿ. ವಿಮೆಯ ಲೆಕ್ಕದಲ್ಲಿ ಆರು ತಿಂಗಳಿಗೆ ಶೇ 5, ವರ್ಷಕ್ಕೆ ಶೇ 15, ಎರಡು ವರ್ಷಕ್ಕೆ ಶೇ 20, ಎರಡು ದಾಟಿದರೆ ಶೇ 30 ಬೆಲೆ ಇಳಿಯುತ್ತದೆ. ಮಾರುಕಟ್ಟೆಗೆ ಇಷ್ಟು ತಾಳ್ಮೆಯೂ ಇಲ್ಲ.

ಇನ್ನು ಸಾಲದ ಲೆಕ್ಕ. ಹಳ್ಳಿಯಲ್ಲಿ ಬಡ್ಡಿ ತಿಂಗಳಿಗೆ ‘ನೂರಕ್ಕೆ ಎರಡು’, ಅಂದರೆ ವರ್ಷಕ್ಕೆ ಶೇ 24. ಕಾರಿನ ಸಾಲ ಶೇ 9 ಎಂದರೆ ನೂರಕ್ಕೆ ಮುಕ್ಕಾಲು ರೂಪಾಯಿ. ಕೇಳಿದವರಿಗೆ ಧರ್ಮಕ್ಕೆ ಕೊಟ್ಟಂತೆ ಅನ್ನಿಸುತ್ತದೆ. ಹತ್ತು ಲಕ್ಷದ ಕಾರು, ಎರಡು ಲಕ್ಷ ಕೈಯಿಂದ, ಎಂಟು ಲಕ್ಷ ಸಾಲ, ಐದು ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು 16,607 ರೂಪಾಯಿ. ಮೊದಲ ಕಂತಿನಲ್ಲೇ 6,000 ಬಡ್ಡಿಗೆ ಹೋಗುತ್ತದೆ. ಎರಡು ವರ್ಷ ತಪ್ಪದೆ ಕಟ್ಟಿದವನು ಸುಮಾರು ನಾಲ್ಕು ಲಕ್ಷ ಕೊಟ್ಟಿರುತ್ತಾನೆ, ಸಾಲ ಅರ್ಧಕ್ಕೆ ಬಂದಿರಬೇಕೆಂದು ನಂಬಿರುತ್ತಾನೆ. ಬಾಕಿ 5,22,000ದಷ್ಟಿರುತ್ತದೆ. ಕಟ್ಟಿದ್ದರಲ್ಲಿ ಸುಮಾರು 1,20,000 ರೂಪಾಯಿ ಬಡ್ಡಿಯಾಗಿ ಕರಗಿದೆ.

ಶೋರೂಮಿನವನ ಅಂಕಿ ಆರು ಲಕ್ಷ ಎನ್ನೋಣ. ಬಾಕಿ ಕಳೆದರೆ 78,000. ಅವಧಿಗೆ ಮುಂಚೆ ಸಾಲ ತೀರಿಸುವುದು ಒಳ್ಳೆಯ ಗುಣವೆಂದು ಹಿರಿಯರು ಹೇಳಿದ್ದಾರೆ; ಹಲವು ಬ್ಯಾಂಕುಗಳು ಅದಕ್ಕೆ ದಂಡ ಹಾಕುತ್ತವೆ. ಈ ಫೋರ್‌ಕ್ಲೋಷರ್ ಶುಲ್ಕ ಶೇ 3 ಇದ್ದರೆ 15,600ರಷ್ಟು ಹೋಗಿ, ಉಳಿಯುವುದು 62,000. ಕೊಳ್ಳುವಾಗ ಕಟ್ಟಿದ ಶೇ 14ರ ಆಜೀವ ತೆರಿಗೆ ಈ ಲೆಕ್ಕದೊಳಗೆ ಬರುವುದೇ ಇಲ್ಲ. ‘ಆಜೀವ’ ಎಂಬುದು ಕಾರಿನ ಆಯುಸ್ಸಿಗೆ ಸೇರಿದ್ದು, ಯಜಮಾನನ ಆಯುಸ್ಸಿಗಲ್ಲ. ಹೊಸ ಕಾರಿಗೆ ಅದನ್ನು ಮೊದಲಿಂದ ಕಟ್ಟಬೇಕು. ಕೈಯಿಂದ ಒಂದು ಪೈಸೆ ಹಾಕದೆ ಹತ್ತೂ ಲಕ್ಷ ಸಾಲ ಎತ್ತಿದವನ ಸ್ಥಿತಿ ಇನ್ನೂ ವಿಚಿತ್ರ. ಅವನ ಬಾಕಿ ಆರೂವರೆ ಲಕ್ಷ, ಕಾರಿನ ಬೆಲೆ ಆರು. ದಂಡವೂ ಸೇರಿ 72,000 ರೂಪಾಯಿ ಎಣಿಸಿಕೊಟ್ಟು, ತನ್ನ ಕಾರನ್ನು ತಾನೇ ಬಿಟ್ಟು, ಬಸ್ ಹತ್ತಬೇಕು.

ಕಾಗದಪತ್ರದ ದಾರಿ ಉದ್ದವಾದರೂ ನೇರವಾಗಿದೆ. ಬ್ಯಾಂಕಿನಿಂದ ಬಾಕಿಯ ಪತ್ರ. ಶೋರೂಮು ಅಥವಾ ಯಜಮಾನ ಹಣ ಕಟ್ಟಿದ ಮೇಲೆ ಅಭ್ಯಂತರವಿಲ್ಲವೆಂಬ ಎನ್‌ಒಸಿ ಮತ್ತು ಎಚ್‌ಪಿ ತೆಗೆಸುವ ಫಾರಂ 35. ಹೆಸರು ಬದಲಿಸಲು 29 ಮತ್ತು 30. ಇವೆಲ್ಲ ರಾಮನಗರದ ಕೆಎ 42 ಆರ್‌ಟಿಒ ಕಚೇರಿಗೆ ಹೋಗುತ್ತವೆ. 2025ರಲ್ಲಿ ಜಿಲ್ಲೆಯೇ ರಾಮನಗರವೆಂಬ ಹೆಸರು ಬಿಟ್ಟು ಬೆಂಗಳೂರು ದಕ್ಷಿಣವಾಯಿತು. ಜಿಲ್ಲೆಯ ಹೆಸರು ಬದಲಿಸಲು ಬ್ಯಾಂಕಿನ ಎನ್‌ಒಸಿ ಬೇಕಾಗಲಿಲ್ಲ.

ನೇರ ದಾರಿ ಇದ್ದೂ ಜನ ಹಿಡಿಯುವ ಅಡ್ಡದಾರಿ ಒಂದಿದೆ. ಟೀ ಅಂಗಡಿಯ ಬೆಂಚಿನ ಮೇಲೆ ಅದು ಕುದುರುತ್ತದೆ: “ಮಿಕ್ಕಿರೋ ಕಂತ್ ನೀವೇ ಕಟ್ಕೊಂಡ್ ಓಗಣ್ಣ, ಮುಗುದ್ ಮೇಲೆ ನಿಮ್ ಎಸ್ರಿಗೆ ಮಾಡ್ಕೊಡ್ತೀನಿ.” ಒಂದಿಷ್ಟು ಮುಂಗಡ, ಛಾಪಾ ಕಾಗದದ ಮೇಲೆ ಒಂದು ಕರಾರು, ಇಬ್ಬರು ಸಾಕ್ಷಿಗಳು, ನಾಲ್ಕು ಟೀ. ಎಲ್ಲರೂ ಸಹಿ ಮಾಡುತ್ತಾರೆ, ಕಾಯ್ದೆ ಸಹಿ ಕೇಳುವ ಬ್ಯಾಂಕೊಂದನ್ನು ಬಿಟ್ಟು. ಮೊದಲ ಆರು ತಿಂಗಳು ಕಂತು ಬರುತ್ತದೆ. ಏಳನೆಯ ತಿಂಗಳು ರೇಷ್ಮೆಗೂಡಿನ ಧಾರಣೆ ಬಿದ್ದು ಕಂತು ತಪ್ಪುತ್ತದೆ. ಕಾರು ಓಡಿಸುವವನು ಒಬ್ಬ, ಸಿಬಿಲ್ ಸ್ಕೋರು ಇಳಿಯುವುದು ಇನ್ನೊಬ್ಬನದು. ಸೀಜ್ ಮಾಡುವವರು ಬಂದರೆ ಹಣ ಕೊಟ್ಟವನ ಅಂಗಳದಿಂದಲೇ ಕಾರು ಹೋಗುತ್ತದೆ. ಛಾಪಾ ಕಾಗದ ಮಾತ್ರ ಬೀರುವಿನಲ್ಲಿ ಭದ್ರವಾಗಿರುತ್ತದೆ. ಅಪಘಾತವಾದರಂತೂ ಮಾರಿದವನಿಗೇ ಕಷ್ಟ. ವಾಹನ ಎಷ್ಟು ಕೈ ದಾಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ನವೀನ್ ಕುಮಾರ್–ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಇಂಥ ತಾಪತ್ರಯವಿಲ್ಲದ ಕಾರು ಸಿಗುವುದು ಚನ್ನಪಟ್ಟಣದಲ್ಲಿ ಮಾತ್ರ. ಹಾಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿದ ಆ ಕಾರಿನ ಮೇಲೆ ಎಚ್‌ಪಿ ಇಲ್ಲ. ಅದರ ಎಕ್ಸ್‌ಚೇಂಜನ್ನು ಮಕ್ಕಳು ತಮ್ಮತಮ್ಮಲ್ಲೇ ಜಗಳವಾಡಿ ಮುಗಿಸುತ್ತಾರೆ.

ಎಲ್ಲ ಮುಗಿದ ಮೇಲೆ ಎರಡು ಸಣ್ಣ ಕೆಲಸ ಉಳಿಯುತ್ತವೆ. ವಿಮೆಯ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಯಜಮಾನನದು. ಕ್ಲೇಮ್ ಮಾಡದ ಐದು ವರ್ಷಕ್ಕೆ ಅದು ಶೇ 50ರವರೆಗೆ ಏರುತ್ತದೆ. ಪತ್ರ ಕೇಳಿ ಪಡೆದರೆ ಹೊಸ ಕಾರಿನ ವಿಮೆಗೆ ಬರುತ್ತದೆ, ಹಳೆಯದರಿಂದ ಯಜಮಾನ ಹಿಂದಕ್ಕೆ ತರಬಹುದಾದ ಬೆಲೆಯುಳ್ಳ ವಸ್ತು ಅದೊಂದೇ. ಎರಡನೆಯದು ಫಾಸ್ಟ್ಯಾಗ್ ಮುಚ್ಚಿಸುವುದು. ಮುಂಗಾಜಿನ ಆ ಚೀಟಿ ಹಳೆಯ ಯಜಮಾನನ ಖಾತೆಗೆ ಅಂಟಿಕೊಂಡಿರುತ್ತದೆ. ಮರೆತರೆ, ಕೊಂಡವನು ಬೆಂಗಳೂರಿಗೆ ಹೊರಟು ಶೇಷಗಿರಿಹಳ್ಳಿ ಟೋಲ್ ದಾಟುವಾಗಲೆಲ್ಲ ಮಾರಿದವನ ಜೇಬಿನಲ್ಲಿ ಫೋನು ‘ಟಿಣ್’ ಎನ್ನುತ್ತದೆ.